ಕೋಬ್ರಾ ರೆಪ್ಲಿಕಾ: ಹಿಂದಿನ ಟೈರ್ 275 ಸಾಕೇ, 315 ಬೇಕೇ? ಬಾಡಿಯೂ ಒಂದು ಪಕ್ಕಕ್ಕೆ ಸರಿದಿದೆ

ನೀಲಿಪಟ್ಟೆ

ಎಲ್ಲರಿಗೂ ನಮಸ್ಕಾರ. ಬಿಡಿಭಾಗಗಳ ಕಿಟ್ ತಂದು ಕಟ್ಟುತ್ತಿರುವ 427 ಕೋಬ್ರಾ ರೆಪ್ಲಿಕಾ (1960ರ ದಶಕದ ಸ್ಪೋರ್ಟ್ಸ್ ಕಾರಿನ ನಕಲು), ಇರುವುದು ಅಮೆರಿಕದ ಮಿಷಿಗನ್‌ನಲ್ಲಿ. ಫೈಬರ್ ಬಾಡಿ, 90 ಇಂಚು ವ್ಹೀಲ್‌ಬೇಸ್, ಫೋರ್ಡ್ 302 ಎಂಜಿನ್. ಹಿಂದೆ ತ್ರೀ-ಲಿಂಕ್ ಲೈವ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್, ಮೂರು ಲಿಂಕಿನಿಂದ ಹಿಡಿದದ್ದು), ಅದು ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಸಮೇತ. ಮುಂದೆ 13 ಇಂಚಿನ ಬ್ರೇಕ್ ಡಿಸ್ಕ್ ಇರುವುದರಿಂದ 15 ಇಂಚಿನ ರಿಮ್ ಹಿಡಿಸುವುದಿಲ್ಲ. 17 ಇಂಚಿನದೇ ತೆಗೆದುಕೊಂಡಾಗಿದೆ, ಮುಂದೆ 9 ಇಂಚು ಅಗಲ, ಹಿಂದೆ 10.5. ಸದ್ಯ ಹಳೆಯ 245/45 ಆರ್17 ಮತ್ತು 275/40 ಆರ್17 ಟೈರ್ (ಮೊದಲನೆಯದು ಮಿಮೀ ಅಗಲ, ಎರಡನೆಯದು ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು) ಹಾಕಿ ನಿಲ್ಲಿಸಿದೆ. ಬಾಡಿಯನ್ನು ಚಾಸಿ ಮೇಲೆ ಕೂರಿಸಿದ್ದೇನೆ, ಬೋಲ್ಟ್ ಬಿಗಿ ಮಾಡಿಲ್ಲ.

ಕೇಳಬೇಕಾದದ್ದು ಇಷ್ಟು:

1. ಹಿಂದೆ 275/40 ಇಟ್ಟುಕೊಳ್ಳಲೋ, 315/35ಕ್ಕೆ ಹೋಗಲೋ? ರಸ್ತೆಯ ಓಡಾಟವೇ ಹೆಚ್ಚು, ಟ್ರ್ಯಾಕ್‌ಗೆ ಅಪರೂಪಕ್ಕೆ.

2. ಹಿಂದಿನ ಮಡ್‌ಗಾರ್ಡಿನ ಅಂಚಿನಿಂದ ತೂಕದ ಗುಂಡು ಇಳಿಬಿಟ್ಟು ಟೈರಿನ ಹೊರಮೈಗೆ ಅಳೆದರೆ ಎಡಕ್ಕೆ 38 ಮಿಮೀ, ಬಲಕ್ಕೆ 26 ಮಿಮೀ. ಬಾಡಿ ಸರಿಸಬೇಕಾ?

3. ಬಲಬಾಗಿಲಿನ ಹಿಂದಿನ ಮೇಲ್ತುದಿ ಬಾಡಿಗಿಂತ 5 ಮಿಮೀ ಹೊರಗೆ ನಿಂತಿದೆ. ಬಾನೆಟ್ಟಿನ ಹಿಂದಿನ ಎರಡೂ ಮೂಲೆ 4 ಮಿಮೀ ಎದ್ದಿವೆ.

ಆಕ್ಸಲ್_ಮಲ್ನಾಡ್

ಬಾಡಿಗೆ ಕೈ ಹಚ್ಚಬೇಡಿ ಸರ್, ಇನ್ನೂ ಹೊತ್ತಿದೆ. 38 ಮತ್ತು 26ರ ನಡುವಿನ ವ್ಯತ್ಯಾಸ 12 ಮಿಮೀ ಅಂದರೆ ಸರಿದಿರುವುದು 6 ಮಿಮೀ ಮಾತ್ರ, ಯಾಕೆಂದರೆ ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕೂಡುತ್ತದೆ. ಆ 6 ಮಿಮೀ ಆಕ್ಸಲ್‌ನದ್ದೋ ಬಾಡಿಯದ್ದೋ ಎಂಬುದು ಮೊದಲು ಗೊತ್ತಾಗಬೇಕು. ಆಕ್ಸಲ್ ಸೊಟ್ಟಗಿರುವಾಗ ಬಾಡಿಯನ್ನು ಅದಕ್ಕೆ ಹೊಂದಿಸಿಬಿಟ್ಟರೆ ಹಿಂದೆ ಸರಿಹೋದಂತೆ ಕಾಣುತ್ತದೆ, ಮುಂದಿನ ಚಕ್ರದ ಹತ್ತಿರ ಅದೇ ತಪ್ಪು ಎದ್ದು ಬರುತ್ತದೆ.

ಕಾರು ನೆಲದ ಮೇಲೆ ತನ್ನ ಚಕ್ರಗಳ ಮೇಲೇ ನಿಂತಿರಬೇಕು. ಜ್ಯಾಕ್ ಸ್ಟ್ಯಾಂಡ್ ಮೇಲೆ ಅಳೆದರೆ ಆಕ್ಸಲ್ ಕೆಳಗೆ ಜೋತುಬಿದ್ದು, ಪ್ಯಾನ್‌ಹಾರ್ಡ್ ರಾಡ್ ಅದನ್ನು ಪಕ್ಕಕ್ಕೆ ಎಳೆದಿರುತ್ತದೆ. ಆ ಅಳತೆಯಿಂದ ಏನೂ ಉಪಯೋಗವಿಲ್ಲ. ಗ್ಯಾರೇಜಿನ ನೆಲ ಮಟ್ಟವಾಗಿದೆಯೇ ಅಂತ ರಸಮಟ್ಟ ಇಟ್ಟು ನೋಡಿ, ತಗ್ಗಿರುವ ಚಕ್ರದ ಕೆಳಗೆ ತೆಳು ತಗಡು ಕೊಡಿ. ನಾಲ್ಕೂ ಟೈರಿಗೆ ಓಡಿಸುವಾಗಿನಷ್ಟೇ ಗಾಳಿ. ರೈಡ್ ಹೈಟ್ (ನೆಲದಿಂದ ಚಾಸಿಯ ಎತ್ತರ) ಕಿಟ್‌ನ ಕೈಪಿಡಿ ಹೇಳಿದ್ದಕ್ಕೆ ಬರಲಿ. ಡ್ರೈವರ್ ಸೀಟಿನಲ್ಲಿ ನಿಮ್ಮ ತೂಕದಷ್ಟು ಮರಳಿನ ಮೂಟೆ ಇಡಿ. ಕಾರನ್ನು ನಾಲ್ಕಡಿ ಹಿಂದೆ ಮುಂದೆ ತಳ್ಳಿ ಸಸ್ಪೆನ್ಷನ್ ಕೂತ ಮೇಲೆ ಅಳೆಯಿರಿ.

ಅಳೆಯಬೇಕಾದದ್ದು ಎರಡು. ಒಂದು, ಚಾಸಿಯ ಉದ್ದ ಪೈಪಿನ ಹೊರಮೈಯಿಂದ ಹಿಂದಿನ ರಿಮ್ಮಿನ ಒಳ ಅಂಚಿಗೆ, ಎರಡೂ ಕಡೆ. ಇನ್ನೊಂದು, ಮುಂದಿನ ಸಸ್ಪೆನ್ಷನ್ನಿನ ಕೆಳತೋಳಿನ ಬೋಲ್ಟ್‌ನಿಂದ ಹಿಂದಿನ ಆಕ್ಸಲ್‌ಗೆ, ಅದೂ ಎರಡೂ ಕಡೆ. ಈ ಎರಡನೆಯದರಲ್ಲಿ ಎಡಬಲಕ್ಕೆ 3 ಮಿಮೀಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಆಕ್ಸಲ್ ಓರೆಯಾಗಿದೆ ಎಂದರ್ಥ. ಕೆಳಲಿಂಕುಗಳ ಉದ್ದ ಸರಿಮಾಡಿಯೇ ಮುಂದಿನ ಹೆಜ್ಜೆ.

ಮುಂದಿನ ಚಕ್ರದ ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕೂಡ ಈಗಲೇ ಹಾಕಿಬಿಡಿ. ಕ್ಯಾಸ್ಟರ್ ಹೆಚ್ಚಿಸಲು ಮೇಲಿನ ಬಾಲ್ ಜಾಯಿಂಟನ್ನು ಹಿಂದಕ್ಕೆ ತಂದರೆ ಚಕ್ರದ ಕೇಂದ್ರವೂ ಕೆಲವು ಮಿಲಿಮೀಟರ್ ಹಿಂದೆ ಬರುತ್ತದೆ. ಬಾಡಿ ಕೂರಿಸಿ ಬಣ್ಣ ಹೊಡೆದ ಮೇಲೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದರೆ ಮಡ್‌ಗಾರ್ಡಿನ ಕಮಾನಿನೊಳಗೆ ಚಕ್ರ ನಡುವಿಗೆ ಇರುವುದಿಲ್ಲ, ಆಗ ಮಾಡುವುದಕ್ಕೇನೂ ಉಳಿದಿರುವುದೂ ಇಲ್ಲ.

ಟೈರ್_ಹುಬ್ಬಳ್ಳಿ

ಮೊದಲ ಪ್ರಶ್ನೆಗೆ: ರಸ್ತೆಗೆ 275/40 ಸಾಕು. ನೋಡೋಕೆ 315 ಚೆಂದ, ಒಪ್ಪುತ್ತೇನೆ. ಆದರೆ ನಿಮ್ಮ ರಿಮ್ 10.5 ಇಂಚು. 315/35 ಆರ್17ಕ್ಕೆ ಸಾಮಾನ್ಯವಾಗಿ ಹೇಳುವ ಅತಿ ಕಡಿಮೆ ರಿಮ್ ಅಗಲವೇ ಅದು. ಪಕ್ಕದ ಗೋಡೆ ಒಳಕ್ಕೆ ಸೆಳೆದು ನಡುಭಾಗ ಉಬ್ಬುತ್ತದೆ. ಭಾರದ ಕಾರಾದರೆ ಆ ಉಬ್ಬು ಚಪ್ಪಟೆಯಾಗುತ್ತಿತ್ತು. ಸುಮಾರು 1,050 ಕೆಜಿಯ ಕಾರಿನಲ್ಲಿ ಒಂದೊಂದು ಟೈರ್ ಹೊರುವುದು 260 ಕೆಜಿ ಆಸುಪಾಸು ಅಷ್ಟೇ. ನಡುವೆ ಮಾತ್ರ ಸವೆಯುತ್ತದೆ, ಕೊಟ್ಟ ಅಗಲದ ದುಡ್ಡಿಗೆ ಹಿಡಿತ ಸಿಗುವುದಿಲ್ಲ. ಮಳೆನೀರು ನಿಂತ ರಸ್ತೆಯಲ್ಲಿ ಹಗುರ ಕಾರಿನ ಅಗಲ ಟೈರ್ ಬೇಗ ನೀರಿನ ಮೇಲೆ ತೇಲುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎತ್ತರದ ಚಿಂತೆ ಬೇಡ. 245/45 ಆರ್17 ಮತ್ತು 315/35 ಆರ್17 ಎರಡರ ವ್ಯಾಸವೂ ಲೆಕ್ಕದಲ್ಲಿ 652.3 ಮಿಮೀ, 275/40ರದ್ದು 651.8. ಮಡ್‌ಗಾರ್ಡಿನ ಕಮಾನು ತುಂಬುವ ವಿಷಯದಲ್ಲಿ ಮೂರೂ ಒಂದೇ.

ಅಗಲದ ಲೆಕ್ಕ ಬೇರೆ. 275 ಅಂತ ಬರೆದಿರುವುದು ತಯಾರಕರು ಅಳೆಯುವ ರಿಮ್ಮಿನ ಮೇಲೆ, ಇದಕ್ಕೆ 9.5 ಇಂಚು. ರಿಮ್ ಅರ್ಧ ಇಂಚು ಅಗಲವಾದಾಗಲೆಲ್ಲ ಟೈರ್ ಸುಮಾರು 5 ಮಿಮೀ ಅಗಲವಾಗುತ್ತದೆ. ನಿಮ್ಮ 10.5ರ ಮೇಲೆ ಅದು 285ರ ಮೇಲೆಯೇ ನಿಲ್ಲುತ್ತದೆ. 315 ಹಾಕಿದರೆ ಒಳಕ್ಕೆ, ಹೊರಕ್ಕೆ ತಲಾ ಸುಮಾರು 14 ಮಿಮೀ ಇನ್ನೂ ಬೇಕು. ಹೊರಗಡೆ ಜಾಗ ಇದೆ ಅಂದುಕೊಂಡರೂ ಒಳಗೆ ಶಾಕ್ ಅಬ್ಸಾರ್ಬರ್ ಮತ್ತು ಅಲ್ಯೂಮಿನಿಯಂ ತಗಡಿಗೆ ಎಷ್ಟು ಸಂದು ಉಳಿದಿದೆ ಅಂತ ಬೆರಳು ಹಾಕಿ ನೋಡಿ. ಒಂದೇ ಸೈಜಿನ ಎರಡು ಕಂಪನಿಯ ಟೈರುಗಳಲ್ಲೂ ಕೆಲವು ಮಿಲಿಮೀಟರ್ ವ್ಯತ್ಯಾಸ ಇರುತ್ತದೆ, ಆದ್ದರಿಂದ ತಯಾರಕರ ಪಟ್ಟಿಯಲ್ಲಿನ ಸೆಕ್ಷನ್ ಅಗಲ ಓದದೆ ಕೊಳ್ಳಬೇಡಿ.

ರಬ್ಬರಿನ ವಿಷಯಕ್ಕೆ ಬಂದರೆ, ಟ್ರೆಡ್‌ವೇರ್ (ಟೈರ್ ಎಷ್ಟು ನಿಧಾನ ಸವೆಯುತ್ತದೆ ಎಂಬ ಸಂಖ್ಯೆ) 300ರ ಆಸುಪಾಸಿನ ಸಮ್ಮರ್ ಟೈರ್ ನಿಮ್ಮ ಓಡಾಟಕ್ಕೆ ಸರಿ. 200ರದ್ದು ಬಿಸಿಯಾದರೆ ಮಾತ್ರ ಅಂಟುತ್ತದೆ, ಹಗುರ ಕಾರು ಅದನ್ನು ರಸ್ತೆಯ ವೇಗದಲ್ಲಿ ಬಿಸಿ ಮಾಡುವುದೇ ಕಷ್ಟ. (ಆ ಸಂಖ್ಯೆ ತಯಾರಕರೇ ಕೊಟ್ಟುಕೊಳ್ಳುವುದು, ಬೇರೆ ಬೇರೆ ಕಂಪನಿಗಳ ನಡುವೆ ಕಟ್ಟುನಿಟ್ಟಾಗಿ ಹೋಲಿಸಬೇಡಿ.) 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಮ್ಮರ್ ರಬ್ಬರ್ ಗಟ್ಟಿಯಾಗಿ ಜಾರುತ್ತದೆ. ಏಪ್ರಿಲ್ ಬೆಳಗ್ಗೆ, ಅಕ್ಟೋಬರ್ ರಾತ್ರಿ ಕಾರು ತೆಗೆಯುವವರಾದರೆ ಒಳ್ಳೆಯ ಆಲ್ ಸೀಸನ್ ಪರ್ಫಾರ್ಮೆನ್ಸ್ ಟೈರೇ ವಾಸಿ. ಯಾವುದಾದರೂ ಮುಂದೆ ಹಿಂದೆ ಒಂದೇ ಮಾಡೆಲ್ ಇರಲಿ. ನಿಮ್ಮ ಎರಡೂ ಸೈಜ್ ಆ ಮಾಡೆಲ್‌ನಲ್ಲಿ ಸಿಗುತ್ತದೆಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ.

ಗಾಳಿ: ಇದಕ್ಕಿಂತ ಭಾರದ ಫೋರ್ಡ್ ಮಸ್ಟಾಂಗ್ ಕಾರಿನ ಬಾಗಿಲಿನ ಚೀಟಿಯಲ್ಲಿರುವ ಗಾಳಿಯ ಅಂಕಿ ಇದಕ್ಕಲ್ಲ. ತಣ್ಣಗಿರುವಾಗ 24 ಪಿಎಸ್‌ಐನಿಂದ ಶುರು ಮಾಡಿ. ಟ್ರೆಡ್ ಮೇಲೆ ಅಡ್ಡಕ್ಕೆ ಸೀಮೆಸುಣ್ಣ ಎಳೆದು ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ನಡುವೆ ಮಾತ್ರ ಅಳಿಸಿದರೆ 2 ಇಳಿಸಿ, ಅಂಚುಗಳಲ್ಲಿ ಮಾತ್ರ ಅಳಿಸಿದರೆ 2 ಏರಿಸಿ. 20ಕ್ಕಿಂತ ಕೆಳಗೆ ಹೋಗಬೇಡಿ.

ನೀಲಿಪಟ್ಟೆ

ಇಬ್ಬರಿಗೂ ಧನ್ಯವಾದ, 275ಕ್ಕೇ ನಿಲ್ಲುತ್ತೇನೆ. ಅಳತೆ ಹೀಗೆ ಬಂತು: ಪೈಪಿನಿಂದ ರಿಮ್ಮಿಗೆ ಎಡಕ್ಕೆ 212, ಬಲಕ್ಕೆ 219 ಮಿಮೀ. ಉದ್ದದಲ್ಲಿ ಎಡಬಲ ವ್ಯತ್ಯಾಸ 1 ಮಿಮೀ. ಪ್ಯಾನ್‌ಹಾರ್ಡ್ ರಾಡ್ ಚಾಸಿಗೆ ಎಡಗಡೆ, ಆಕ್ಸಲ್‌ಗೆ ಬಲಗಡೆ. ರಾಡ್ ಎಂಡ್ (ರಾಡಿನ ತುದಿಗೆ ತಿರುಗಿಸಿ ಹಾಕುವ ಕೀಲು) 5/8 ಇಂಚು, ಇಂಚಿಗೆ 18 ಥ್ರೆಡ್.

ಆಕ್ಸಲ್_ಮಲ್ನಾಡ್

ಹಾಗಾದರೆ ಆಕ್ಸಲ್, ಬಾಡಿ ಎರಡರದ್ದೂ ಪಾಲಿದೆ. 7ರ ಅರ್ಧ, ಅಂದರೆ ಆಕ್ಸಲ್ 3.5 ಮಿಮೀ ಬಲಕ್ಕೆ ಹೋಗಿದೆ. ಉಳಿದ 2.5 ಬಾಡಿ ಎಡಕ್ಕೆ ಕೂತಿದ್ದರಿಂದ.

ರಾಡ್ ಎಂಡನ್ನು ಒಂದು ಸುತ್ತು ತಿರುಗಿಸಿದರೆ 1.41 ಮಿಮೀ. ಒಂದು ತುದಿಯ ಬೋಲ್ಟ್ ಬಿಚ್ಚಿ ರಾಡ್ ಎಂಡನ್ನು ಎರಡೂವರೆ ಸುತ್ತು ಒಳಕ್ಕೆ ತಿರುಗಿಸಿ. ರಾಡ್ ಗಿಡ್ಡವಾಗಿ ಆಕ್ಸಲ್ ಎಡಕ್ಕೆ ಬರುತ್ತದೆ. ಜ್ಯಾಮ್ ನಟ್ ಬಿಗಿ ಮಾಡಿ ಮತ್ತೆ ಅಳೆಯಿರಿ. ರೈಡ್ ಹೈಟ್‌ನಲ್ಲಿ ರಾಡ್ ಅಡ್ಡಕ್ಕೆ ಮಟ್ಟವಾಗಿರಲಿ. 900 ಮಿಮೀ ಉದ್ದದ ರಾಡ್ ಮಟ್ಟವಾಗಿದ್ದರೆ ಚಕ್ರ 50 ಮಿಮೀ ಏರಿದಾಗ ಆಕ್ಸಲ್ ಪಕ್ಕಕ್ಕೆ ಸರಿಯುವುದು ಒಂದೂವರೆ ಮಿಮೀಗೂ ಕಡಿಮೆ. ಅದೇ ರಾಡಿನ ಒಂದು ತುದಿ ಮೊದಲೇ 50 ಮಿಮೀ ಮೇಲಿದ್ದು, ಏರುವಾಗ ಓರೆ ಇನ್ನೂ ಹೆಚ್ಚುವಂತಿದ್ದರೆ 4 ಮಿಮೀ ದಾಟುತ್ತದೆ.

ಬಾಡಿಯ 2.5 ಮಿಮೀಗೆ ಮುಂದಿನ, ಹಿಂದಿನ ಬಂಪರ್ ಬೋಲ್ಟಿನ ತೂತುಗಳನ್ನು ಅಡ್ಡಕ್ಕೆ 3 ಮಿಮೀ ಅರದಿಂದ ಉಜ್ಜಿ, ಅಗಲ ವಾಷರ್ ಹಾಕಿದರೆ ಸಾಕು.

ಫೈಬರ್_ಕೈ

ಇನ್ನು ಬಾನೆಟ್, ಬಾಗಿಲು. ಬಾನೆಟ್ಟಿನ ಎರಡೂ ಮೂಲೆ ಒಂದೇ ಅಳತೆಗೆ ಎದ್ದಿವೆ ಅಂದರೆ ಮೊದಲ ಅನುಮಾನ ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಮೇಲಿನ ರಬ್ಬರ್ ಬೀಡಿಂಗ್ ಮೇಲೆ. ಅದನ್ನು ಕಿತ್ತು ಬಾನೆಟ್ ಮುಚ್ಚಿ. ಕೂತರೆ ಅಲ್ಯೂಮಿನಿಯಂ ಅಂಚನ್ನು 4-5 ಮಿಮೀ ಕತ್ತರಿಸಿ ಬೀಡಿಂಗ್ ವಾಪಸ್ ಹಾಕಿ. ಕೂರದಿದ್ದರೆ ಹಿಂಜ್ ಎತ್ತರ ನೋಡಬೇಕು. ಎಲ್ಲ ಬೀಡಿಂಗ್ ತನ್ನ ಜಾಗದಲ್ಲಿದ್ದಾಗಲೇ ಬಾಗಿಲು ಹೊಂದಿಸಿ, ಏಕೆಂದರೆ ಬೀಡಿಂಗ್ ಇಡೀ ಬಾಡಿಯನ್ನೇ ಎತ್ತಿ ಹಿಡಿದಿರುತ್ತದೆ.

ಬಾಗಿಲಿನ 5 ಮಿಮೀಯನ್ನು ಪುಟ್ಟಿಯಿಂದ ಮುಚ್ಚಬೇಡಿ. ಮೊದಲು ಬಾಗಿಲಿನ ಹಿಂದಿರುವ ಬಾಡಿಯನ್ನೇ ಹೊರಗೆ ತನ್ನಿ: ಪಕ್ಕದ ಬಾಡಿ ಮೌಂಟಿನಲ್ಲಿ ಒಂದೊಂದೇ ವಾಷರ್ ಸೇರಿಸುತ್ತ ಬಾಗಿಲು ಮುಚ್ಚಿ ನೋಡಿ. ಇದರಲ್ಲೇ 2-3 ಮಿಮೀ ಸಿಗುವುದುಂಟು. ಬಳಿಕ ಹಿಂಜ್ ಬೋಲ್ಟ್ ಸಡಿಲಿಸಿ ಬಾಗಿಲಿನ ಕೆಳತುದಿಯನ್ನು ಸ್ವಲ್ಪ ಹೊರಗೆ ತಳ್ಳಿದರೆ ಮೇಲ್ತುದಿ ಒಳಗೆ ಬರುತ್ತದೆ. ಆಮೇಲೂ 3 ಮಿಮೀಗಿಂತ ಹೆಚ್ಚು ಉಳಿದರೆ ಬಾಗಿಲಿನ ಒಳಮಡಿಕೆಯಲ್ಲಿ ಉದ್ದಕ್ಕೆ ಸೀಳು ಹಾಕಿ, ಹೊರಮೈಯನ್ನು ಬೇಕಾದ ಮಟ್ಟಕ್ಕೆ ಕ್ಲ್ಯಾಂಪ್ ಮಾಡಿ, ಒಳಗಿನಿಂದ ಎರಡು ಮೂರು ಪದರ ಫೈಬರ್ ಮ್ಯಾಟ್ ಮತ್ತು ರೆಸಿನ್ ಹಚ್ಚಿ. ಹಚ್ಚುವ ಜಾಗವನ್ನು 36 ಅಥವಾ 40 ನಂಬರ್ ಎಮರಿಯಿಂದ ಉಜ್ಜಿರಬೇಕು, ನಯವಾದ ಮೈಗೆ ರೆಸಿನ್ ಹಿಡಿಯುವುದಿಲ್ಲ. ಗ್ಯಾರೇಜ್ 18 ಡಿಗ್ರಿಗಿಂತ ತಣ್ಣಗಿದ್ದರೆ ಪಾಲಿಯೆಸ್ಟರ್ ರೆಸಿನ್ ಸರಿಯಾಗಿ ಗಟ್ಟಿಯಾಗದು, ಹಾರ್ಡನರ್ ಜಾಸ್ತಿ ಸುರಿದು ಸರಿತೂಗಿಸಲು ಹೋಗಬೇಡಿ, ಬಿರುಕು ಬರುತ್ತದೆ. ಕಣ್ಣಿಗೆ ಗಾಗಲ್ಸ್, ಮೂಗಿಗೆ ಪಿ100 ಮಾಸ್ಕ್ ಇಲ್ಲದೆ ಫೈಬರ್ ಉಜ್ಜಲೇಬೇಡಿ.

ಸಂದು ಬಣ್ಣಕ್ಕೆ ಮುಂಚೆ ಎಲ್ಲ ಕಡೆ 5 ಮಿಮೀ ಇಡಿ. ಪ್ರೈಮರ್, ಬಣ್ಣ, ಕ್ಲಿಯರ್ ಸೇರಿ ಎರಡೂ ಅಂಚಿನಿಂದ ಸುಮಾರು ಅರ್ಧ ಮಿಲಿಮೀಟರ್ ತಿನ್ನುತ್ತವೆ. 5 ಮಿಮೀ ದಪ್ಪದ ಪ್ಲಾಸ್ಟಿಕ್ ಪಟ್ಟಿಗೆ ಎಮರಿ ಅಂಟಿಸಿ ಸಂದಿನೊಳಗೆ ಓಡಿಸಿದರೆ ಅಂಚು ಸಮನಾಗಿ ಬರುತ್ತದೆ. ಅಚ್ಚಿನ ಕೂಡುಗೆರೆಗಳನ್ನು ಕೆರೆದು ತೆಗೆದು ಫೈಬರ್ ಇರುವ ಫಿಲ್ಲರ್ ತುಂಬಿ. ಬರೀ ಪುಟ್ಟಿ ಎಳೆದರೆ ಬಿಸಿಲಿಗೆ ಗೆರೆ ಮತ್ತೆ ಕಾಣಿಸುತ್ತದೆ. ಪ್ರೈಮರ್ ಹೊಡೆದ ಬಾಡಿಯನ್ನು ಬೇಸಿಗೆಯ ಬಿಸಿಲಲ್ಲಿ ಕೆಲವು ವಾರ ಬಿಟ್ಟು, ಕುಗ್ಗುವುದೆಲ್ಲ ಕುಗ್ಗಿದ ಮೇಲೆ ಕೊನೆಯ ಬ್ಲಾಕ್ ಸ್ಯಾಂಡಿಂಗ್ ಮಾಡಿ.

ಟೈರ್_ಹುಬ್ಬಳ್ಳಿ

ಒಂದು ಸೇರಿಸುತ್ತೇನೆ. ಈ ಕೆಲಸವೆಲ್ಲ ಹಳೆಯ ಟೈರಿನ ಮೇಲೆಯೇ ನಡೆಯಲಿ, ಸೈಜ್ ಹೇಗೂ ಅದೇ. ಹೊಸ ಟೈರ್ ಬಣ್ಣ ಮುಗಿದ ಮೇಲೆ ತನ್ನಿ, ಇಲ್ಲದಿದ್ದರೆ ಓಡದೆಯೇ ವಯಸ್ಸಾಗುತ್ತದೆ. ಕೊಳ್ಳುವಾಗ ಪಕ್ಕದಲ್ಲಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ: 2324 ಅಂದರೆ 2024ರ 23ನೇ ವಾರ. ನಾಲ್ಕೂ ಟೈರಿನದ್ದು ಹತ್ತಿರ ಹತ್ತಿರ ಇರಲಿ. ಚಳಿಗಾಲಕ್ಕೆ ಗ್ಯಾರೇಜ್ ಮೈನಸ್ 7 ಡಿಗ್ರಿಗಿಂತ ಕೆಳಗಿಳಿಯುವುದಾದರೆ ಸಮ್ಮರ್ ಟೈರ್ ಹಾಕಿದ ಕಾರನ್ನು ಅಲುಗಾಡಿಸಬೇಡಿ. ಗಟ್ಟಿಯಾದ ರಬ್ಬರ್ ಬಾಗುವಾಗ ಟ್ರೆಡ್ ಬಿರುಕು ಬಿಡಬಹುದು. ಚಕ್ರ ಬಿಚ್ಚಿ ಮನೆಯೊಳಗಿನ ಬೆಚ್ಚಗಿನ ಕೋಣೆಯಲ್ಲಿ, ಫರ್ನೇಸ್ ಮೋಟಾರ್ ಮತ್ತು ವೆಲ್ಡಿಂಗ್ ಮಶೀನ್‌ನಿಂದ ದೂರ ಇಟ್ಟರೆ ಒಳ್ಳೆಯದು. ಅವುಗಳಿಂದ ಬರುವ ಓಝೋನ್ ರಬ್ಬರನ್ನು ಸೀಳುತ್ತದೆ.