ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದರೆ ಸಾಕೇ? ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಅಣ್ಣ (ಹಲವು ಬಾರಿ ಫಾರ್ವರ್ಡ್ ಆದ ಸಂದೇಶ): ಹುಲ್ಲುಹಾಸು ಎಂದರೆ ಹಸಿರು ಮರುಭೂಮಿ! ಮೇ ತಿಂಗಳಿಡೀ ಹುಲ್ಲು ಕತ್ತರಿಸಬೇಡಿ. ಅಮೆರಿಕದ ಆಪಲ್ಟನ್ ನಗರದಲ್ಲಿ ಹೀಗೆ ಮಾಡಿದಾಗ ಜೇನುನೊಣಗಳು ಐದು ಪಟ್ಟು ಹೆಚ್ಚಾದವು ಎಂದು ಸಂಶೋಧನೆ ಹೇಳಿದೆ. ಏನೂ ಮಾಡದಿರುವುದೇ ಪ್ರಕೃತಿ ಸೇವೆ. ಎಲ್ಲರಿಗೂ ಕಳುಹಿಸಿ.

ಅಣ್ಣ: ದೊಡ್ಡಪ್ಪ, ಇದನ್ನು ದಯವಿಟ್ಟು ಓದಿ. ಈ ಸಲ ನಿಮ್ಮ ಮನೆಯ ಮುಂದಿನ ಹುಲ್ಲನ್ನು ಹಾಗೆಯೇ ಬೆಳೆಯಲು ಬಿಡೋಣ.

ದೊಡ್ಡಪ್ಪ: ವರ್ಷಗಟ್ಟಲೆ ಕೂತು ಕಳೆ ಕಿತ್ತು ಬೆಳೆಸಿದ ಹುಲ್ಲು ಅದು. ಮೊಣಕಾಲುದ್ದ ಬೆಳೆದು ಹಾವು ಸೇರಿಕೊಂಡರೆ ಯಾರು ಹೊಣೆ? ಮೊಮ್ಮಕ್ಕಳು ಎಲ್ಲಿ ಆಡಬೇಕು?

ಸೋದರತ್ತೆ: ನಿಮ್ಮ ದೊಡ್ಡಪ್ಪ ಹೇಳುವುದು ಸರಿ. ನಮ್ಮಲ್ಲಿ ಹುಲ್ಲುಹಾಸೂ ಇದೆ, ಬೇಲಿಯುದ್ದಕ್ಕೂ ಲಂಟಾನವೂ ಇದೆ. ಚಿಟ್ಟೆಗಳು ಮುತ್ತಿಕೊಂಡಿರುತ್ತವೆ. ಇದರಲ್ಲಿ ಮರುಭೂಮಿ ಎಲ್ಲಿಂದ ಬಂತು?

ನಾನು: ಅಣ್ಣ, ಆ ಆಪಲ್ಟನ್ ಲೆಕ್ಕವನ್ನು ಇನ್ನು ಯಾರಿಗೂ ಕಳುಹಿಸಬೇಡ. 2020ರಲ್ಲಿ ಪ್ರಕಟವಾದ ಆ ಪ್ರಬಂಧವನ್ನು ಬರೆದವರೇ 2022ರಲ್ಲಿ ಹಿಂದಕ್ಕೆ ಪಡೆದರು. ಅಂಕಿಅಂಶಗಳನ್ನು ನಿರ್ವಹಿಸಿ ವರದಿ ಮಾಡಿದ್ದರಲ್ಲಿ ತಾಳೆಯಾಗದ ಅಂಶಗಳಿದ್ದವು. ಸಂದೇಶ ಮಾತ್ರ ಇನ್ನೂ ಓಡಾಡುತ್ತಿದೆ.

ಅಣ್ಣ: ಹಾಗಾದರೆ ವಾರವಾರವೂ ಕತ್ತರಿಸುತ್ತಲೇ ಇರಬೇಕೇ? ನೀನು ಯಾರ ಪಕ್ಷ?

ನಾನು: ಕಡಿಮೆ ಕತ್ತರಿಸುವುದು ಒಳ್ಳೆಯದೇ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮನೆಯಂಗಳಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವಾರಕ್ಕೊಮ್ಮೆ ಕತ್ತರಿಸಿದ ಕಡೆ ಜೇನುನೊಣಗಳು ಹೆಚ್ಚು ಸಿಕ್ಕವು, ಮೂರು ವಾರ ಬಿಟ್ಟು ಕತ್ತರಿಸಿದ ಕಡೆಗಿಂತಲೂ ಹೆಚ್ಚು. ಆದರೆ ಆ ಹುಲ್ಲಿನಲ್ಲಿ ಕ್ಲೋವರ್, ಡ್ಯಾಂಡೆಲಿಯನ್‌ನಂಥ ಹೂಬಿಡುವ ಕಳೆಗಳಿದ್ದವು. ದೊಡ್ಡಪ್ಪನ ಹುಲ್ಲಿನಲ್ಲಿ ಅವರು ಒಂದನ್ನೂ ಉಳಿಸಿಲ್ಲ. ಅದನ್ನು ಕತ್ತರಿಸದೆ ಬಿಟ್ಟರೆ ಸಿಗುವುದು ಉದ್ದನೆಯ ಹುಲ್ಲು, ಅಷ್ಟೇ. ಏನೂ ಮಾಡದಿದ್ದರೆ ಪ್ರಕೃತಿ ತಾನಾಗಿ ಮರಳುತ್ತದೆ ಎಂಬ ಮಾತೇ ಈ ಸಂದೇಶದ ದೊಡ್ಡ ಸುಳ್ಳು. ಸುತ್ತ ಬೀಜ ಕೊಡುವ ಗಿಡಗಳೇ ಇಲ್ಲದಿದ್ದರೆ ಮರಳುವುದಾದರೂ ಎಲ್ಲಿಂದ?

ಅತ್ತಿಗೆ: ಅಂಗಡಿಯಲ್ಲಿ ಕಾಡುಹೂವಿನ ಬೀಜದ ಪೊಟ್ಟಣ ಸಿಗುತ್ತದೆ. ಅದನ್ನು ಹುಲ್ಲಿನ ಮೇಲೆ ಎರಚಿದರೆ?

ನಾನು: ಮೊಳೆಯುವುದಿಲ್ಲ, ಅತ್ತಿಗೆ. ದಟ್ಟ ಹುಲ್ಲು ಬೀಜವನ್ನು ಮಣ್ಣಿಗೆ ತಾಗಲೂ ಬಿಡುವುದಿಲ್ಲ. ಗೊಬ್ಬರ ಉಂಡ ಮಣ್ಣಿನಲ್ಲಿ ಹುಲ್ಲಿನದೇ ಮೇಲುಗೈ. ಬ್ರಿಟನ್ನಿನಲ್ಲಿ ಹೂವಿನ ಹುಲ್ಲುಗಾವಲು ಮಾಡುವವರು ಯೆಲ್ಲೋ ರ‍್ಯಾಟಲ್ ಎಂಬ ಅರೆಪರಾವಲಂಬಿ ಸಸ್ಯವನ್ನು ಮೊದಲು ಬಿತ್ತುತ್ತಾರೆ. ಅದು ಹುಲ್ಲಿನ ಬೇರಿನಿಂದಲೇ ರಸ ಹೀರಿ ಹುಲ್ಲನ್ನು ಸೊರಗಿಸುತ್ತದೆ. ಆಗ ಉಳಿದ ಹೂಗಿಡಗಳಿಗೆ ಜಾಗ ಸಿಗುತ್ತದೆ. ಆ ಸಸ್ಯ ಸಹಜವಾಗಿ ಬೆಳೆಯದ ಕಡೆ ಹುಲ್ಲನ್ನು ಕೀಳಬೇಕು, ಇಲ್ಲವೇ ರಟ್ಟು ಹಾಸಿ ಬೆಳಕು ತಪ್ಪಿಸಿ ಸಾಯಿಸಬೇಕು. ಇನ್ನು, ಪೊಟ್ಟಣದ ಹಿಂಭಾಗ ಓದಿ. ಎಷ್ಟೋ ಮಿಶ್ರಣಗಳಲ್ಲಿರುವುದು ಬೇರೆ ಖಂಡದ ಹೂಗಳು.

ಸೋದರತ್ತೆ: ಬೇರೆ ಖಂಡದ್ದಾದರೆ ಏನಾಯಿತು? ಹೂವು ಹೂವೇ. ನನ್ನ ಲಂಟಾನದ ಮಾತಿಗೆ ನೀನು ಉತ್ತರವನ್ನೇ ಕೊಡಲಿಲ್ಲ.

ನಾನು: ಅತ್ತೆ, ಕೊಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಲಂಟಾನದ ಮೇಲೆ ಬರುವುದು ಮಕರಂದ ಕುಡಿಯುವ, ಬೆಳೆದ ಚಿಟ್ಟೆ. ಅದರ ಮರಿ ಹೂವಿನಿಂದ ಬದುಕುವುದಿಲ್ಲ, ಎಲೆ ತಿಂದು ಬದುಕುತ್ತದೆ. ಚಿಟ್ಟೆಗೆ ಹೂವು ದಾರಿಯ ಛತ್ರ, ಎಲೆ ಹೆರಿಗೆಯ ತವರು. ಸಸ್ಯಗಳು ತಮ್ಮನ್ನು ತಿನ್ನುವವರಿಂದ ಉಳಿಯಲು ಎಲೆಯಲ್ಲಿ ವಿಷ ಸೇರಿಸಿಕೊಳ್ಳುತ್ತವೆ. ಆ ವಿಷವನ್ನು ಅರಗಿಸಿಕೊಳ್ಳಲು ಕೀಟಗಳು ಸಾವಿರಾರು ತಲೆಮಾರು ಆ ಗಿಡದ ಜೊತೆಗೇ ಬದುಕಿರಬೇಕು. ಹಾಗಾಗಿ ಎಲೆ ತಿನ್ನುವ ಹೆಚ್ಚಿನ ಕೀಟಗಳಿಗೆ ಒಂದೋ ಎರಡೋ ಗಿಡದ ಕುಟುಂಬಗಳು ಬಿಟ್ಟರೆ ಬೇರೆ ಆಹಾರವೇ ಇಲ್ಲ. ಎಕ್ಕದ ಹಾಲನ್ನು ದನವೂ ಮುಟ್ಟುವುದಿಲ್ಲ, ಆದರೆ ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದನ್ನೇ ತಿಂದು ಬೆಳೆಯುತ್ತದೆ. ಎಕ್ಕದ ಹತ್ತಿರದ ಸಂಬಂಧಿಯಾದ ಮಿಲ್ಕ್‌ವೀಡ್ ಇಲ್ಲದೆ ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಯ ಸಂತತಿಯೇ ಮುಂದುವರಿಯುವುದಿಲ್ಲ. ಹೊಲದಂಚಿನ ಮಿಲ್ಕ್‌ವೀಡ್ ಅಳಿದದ್ದು ಆ ಚಿಟ್ಟೆ ಕಡಿಮೆಯಾಗಲು ಒಂದು ದೊಡ್ಡ ಕಾರಣ.

ಲಂಟಾನ ಅಮೆರಿಕದ ಉಷ್ಣವಲಯದ್ದು. ಅಂದಕ್ಕೆಂದು ತಂದು ನೆಟ್ಟ ಗಿಡ ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಕಾಡುಗಳನ್ನು ನುಂಗಿದೆ. ಅದರ ಎಲೆ ತಿನ್ನುವ ಮರಿಗಳು ಈ ನಾಡುಗಳಲ್ಲಿ ಅಪರೂಪ. ನಿಮ್ಮ ಬೇಲಿಗೆ ಬರುವ ಚಿಟ್ಟೆಗಳು ಬೇರೆಲ್ಲೋ, ಯಾರೋ ಕಡಿಯದೆ ಬಿಟ್ಟ ಗಿಡದ ಮೇಲೆ ಹುಟ್ಟಿ ಬಂದವು. ಆ ಗಿಡವೂ ಹೋದರೆ ಲಂಟಾನ ಹೂ ಬಿಟ್ಟುಕೊಂಡೇ ಇರುತ್ತದೆ, ಚಿಟ್ಟೆ ಇರುವುದಿಲ್ಲ.

ದೊಡ್ಡಪ್ಪ: ಅಂದರೆ ಹುಳು ತಿನ್ನಲಿ ಎಂದು ನಾನು ಗಿಡ ನೆಡಬೇಕೇ? ಎಲೆ ತೂತಾಗದಂತೆ ನೋಡಿಕೊಳ್ಳುವುದಕ್ಕೇ ತೋಟಗಾರಿಕೆ ಎನ್ನುತ್ತಾರೆ.

ನಾನು: ಹೌದು ದೊಡ್ಡಪ್ಪ, ಹುಳು ತಿನ್ನಲಿ ಎಂದೇ ನೆಡಬೇಕು. ನಾನು ಬೇಡಿಕೊಳ್ಳುತ್ತಿರುವುದು ಅದೊಂದನ್ನೇ. ಹುಳುವಿಲ್ಲದೆ ಹಕ್ಕಿಯಿಲ್ಲ. ಕಾಳು ತಿನ್ನುವ ಹಕ್ಕಿಗಳೂ ಬಹುಪಾಲು ಮರಿಗಳಿಗೆ ಉಣಿಸುವುದು ಹುಳುವನ್ನೇ. ಚಿಕಡೀ ಎಂಬ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳು ಹಾರುವಷ್ಟಾಗಲು 6,000ದಿಂದ 9,000 ಹುಳುಗಳನ್ನು ತಂದುಕೊಡುತ್ತದೆ. ವಾಷಿಂಗ್ಟನ್ ಸುತ್ತಲಿನ ಮನೆಯಂಗಳಗಳಲ್ಲಿ ಡೆಸಿರೀ ನರಾಂಗೊ, ಡಗ್ಲಸ್ ಟ್ಯಾಲಮಿ, ಪೀಟರ್ ಮಾರಾ ನಡೆಸಿದ ಅಧ್ಯಯನ 2018ರಲ್ಲಿ ಬಂತು. ಅಂಗಳದ ಸಸ್ಯರಾಶಿಯಲ್ಲಿ ಸ್ಥಳೀಯ ಗಿಡಗಳ ಪಾಲು ಶೇಕಡಾ 70ಕ್ಕಿಂತ ಕಡಿಮೆಯಾದ ಕಡೆ ಆ ಹಕ್ಕಿಯ ಸಂಖ್ಯೆ ಉಳಿಯುವಷ್ಟು ಮರಿಗಳು ಬದುಕಲಿಲ್ಲ. ಅಲ್ಲೂ ಹೂವಿಗೆ ಬರವಿರಲಿಲ್ಲ, ಹಸಿರಿಗೂ ಬರವಿರಲಿಲ್ಲ.

ಅಣ್ಣ: ಹಾಗಾದರೆ ಹುಲ್ಲುಹಾಸನ್ನು ಪೂರ್ತಿ ಕಿತ್ತುಹಾಕೋಣ. ನಾನು ಮೊದಲೇ ಹೇಳಿದ್ದೆ!

ದೊಡ್ಡಪ್ಪ: ನನ್ನ ಅಂಗಳಕ್ಕೆ ಯಾರಾದರೂ ಗುದ್ದಲಿ ತಂದರೆ ನಾನು ಈ ಗುಂಪನ್ನೇ ಬಿಡುತ್ತೇನೆ.

ನಾನು: ಯಾರೂ ತರುವುದಿಲ್ಲ, ದೊಡ್ಡಪ್ಪ. ಅಣ್ಣ, ಮಕ್ಕಳು ಉರುಳಾಡುವ ಜಾಗಕ್ಕೆ ಹುಲ್ಲೇ ಸರಿ. ತುಳಿತ ತಾಳಿಕೊಳ್ಳುವ ಬೇರೆ ಸಸ್ಯ ಬಹಳ ಕಡಿಮೆ. ನೀರಿಗಾಗಿ ತತ್ತರಿಸುವ ಅಮೆರಿಕದ ನೆವಾಡಾ ರಾಜ್ಯ ಕೂಡ 2021ರ ಕಾನೂನಿನಲ್ಲಿ ಇದೇ ಭೇದ ಮಾಡಿತು. ರಸ್ತೆ ನಡುವೆ, ಕಚೇರಿಗಳ ಮುಂದೆ ಬರೀ ನೋಟಕ್ಕೆ ಬೆಳೆಸಿದ ಹುಲ್ಲಿಗೆ 2026ರ ಅಂತ್ಯದ ನಂತರ ಕೊಲೊರಾಡೊ ನದಿಯ ನೀರಿಲ್ಲ. ಆಟದ ಬಯಲನ್ನೂ ಒಂಟಿ ಮನೆಗಳ ಅಂಗಳವನ್ನೂ ಅದು ಮುಟ್ಟಲಿಲ್ಲ. ನಾನು ಕೇಳುವುದೂ ಅಷ್ಟೇ: ಯಾರೂ ಕಾಲಿಡದ ಹುಲ್ಲು ಯಾರಿಗಾಗಿ? ಗೋಡೆಯ ಪಕ್ಕದ ಪಟ್ಟಿಗೆ ಕತ್ತರಿಸುವ ಯಂತ್ರ ಬಿಟ್ಟರೆ ಬೇರೆ ಯಾರೂ ಹೋಗುವುದಿಲ್ಲ.

ದೊಡ್ಡಪ್ಪ: ಹಾವು? ಸೊಳ್ಳೆ?

ನಾನು: ಸೊಳ್ಳೆ ಮರಿ ಮಾಡುವುದು ನಿಂತ ನೀರಿನಲ್ಲಿ. ಅದಕ್ಕೆ ಗಿಡ ಬೈದು ಪ್ರಯೋಜನವಿಲ್ಲ. ಹಾವಿನ ಭಯ ನ್ಯಾಯವಾದದ್ದೇ. ಬಾಗಿಲಿನಿಂದ ಗೇಟಿನವರೆಗೆ, ಪಟ್ಟಿಯ ಅಂಚಿನಲ್ಲೂ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ ಇಡೋಣ. ನೋಡುವವರಿಗೂ ಇದು ಪಾಳುಬಿಟ್ಟ ಜಾಗವಲ್ಲ, ಬೇಕೆಂದೇ ಬೆಳೆಸಿದ್ದು ಎಂದು ತಿಳಿಯುತ್ತದೆ.

ದೊಡ್ಡಪ್ಪ: ಗೋಡೆಯ ಪಕ್ಕದ ಪಟ್ಟಿ ತೆಗೆದುಕೊಳ್ಳಿ. ಮಧ್ಯದ ಹುಲ್ಲಿಗೆ ಕೈಹಾಕುವಂತಿಲ್ಲ. ಹುಳು ನನ್ನ ಗುಲಾಬಿಗೆ ಹಬ್ಬಿದರೆ ಔಷಧಿ ಹೊಡೆಯುತ್ತೇನೆ, ಈಗಲೇ ಹೇಳಿದ್ದೇನೆ.

ನಾನು: ಪಟ್ಟಿಗೆ ತುಂಬಾ ಕೃತಜ್ಞತೆ, ದೊಡ್ಡಪ್ಪ. ಎಕ್ಕದ ಹುಳುವನ್ನು ಗುಲಾಬಿಯ ಮೇಲೆ ತಂದು ಬಿಟ್ಟರೂ ಅದು ಹಸಿದು ಸಾಯುತ್ತದೆ. ಒಂದೇ ಗಿಡಕ್ಕೆ ಅಂಟಿಕೊಂಡವು ಇನ್ನೊಂದನ್ನು ತಿನ್ನಲಾರವು. ಎಲ್ಲವನ್ನೂ ತಿನ್ನುವ ಕೆಲವು ಹುಳುಗಳೂ ಇವೆ, ಅವನ್ನು ಕೈಯಿಂದ ಆರಿಸಿ ತೆಗೆಯಲು ನಾನೇ ಬರುತ್ತೇನೆ. ಆದರೆ ಔಷಧಿಗೆ ಮಾತ್ರ ಒಪ್ಪಲಾರೆ. ಗುಲಾಬಿಗೆ ಹೊಡೆದದ್ದು ಗಾಳಿಯಲ್ಲಿ ಪಟ್ಟಿಗೂ ಬರುತ್ತದೆ. ಚಿಟ್ಟೆಯನ್ನು ಕರೆದು ಮೊಟ್ಟೆ ಇಡಿಸಿ, ಆಮೇಲೆ ಮರಿಗಳನ್ನು ಕೊಲ್ಲುವುದಾದರೆ ಆ ಪಟ್ಟಿಯಲ್ಲೂ ಹುಲ್ಲೇ ಇರಲಿ.

ಸೋದರತ್ತೆ: ಅವರ ಗುಲಾಬಿ ಹಾಗಿರಲಿ. ನನ್ನ ಲಂಟಾನವನ್ನು ಕಿತ್ತರೆ ಆ ಜಾಗಕ್ಕೆ ಏನು ನೆಡಬೇಕು?

ನಾನು: ನಿಮ್ಮ ಊರಿನ ಕಾಡಂಚಿನಲ್ಲಿ ಯಾರೂ ನೆಡದೆ ಬೆಳೆಯುವ ಪೊದೆಗಳು ಯಾವುವು ಎಂದು ಮೊದಲು ನೋಡಿ, ಅತ್ತೆ. ಎಲೆ ತೂತಾಗಿರುವುದನ್ನೇ ಆರಿಸಿ ಅವುಗಳ ಚಿತ್ರ ಕಳುಹಿಸಿ. ನರ್ಸರಿಯಿಂದ ತರುವುದಾದರೆ ಕೀಟನಾಶಕ ಹಾಕಿದ್ದಾರೆಯೇ ಎಂದು ಕೇಳಿ. ಕೆಲವು ಕೀಟನಾಶಕಗಳು ಗಿಡದ ರಸಕ್ಕೇ ಇಳಿದು ಎಲೆ, ಮಕರಂದ ಎರಡನ್ನೂ ವಿಷ ಮಾಡುತ್ತವೆ. ಅಂಥ ಮೂರನ್ನು ಐರೋಪ್ಯ ಒಕ್ಕೂಟ 2018ರಲ್ಲಿ ಬಯಲಿನ ಬಳಕೆಗೆ ನಿಷೇಧಿಸಿದೆ.

ದೊಡ್ಡಪ್ಪ: ಗೋಡೆಯ ಪಟ್ಟಿಗೆ ಏನೇನು ನೆಡುತ್ತೀ ಎಂದು ಬರೆದು ಕಳುಹಿಸು. ಔಷಧಿಯ ಮಾತನ್ನು ಭಾನುವಾರ ಎದುರಿಗೆ ಕೂತು ಆಡೋಣ. ನಾನಿನ್ನೂ ಒಪ್ಪಿಲ್ಲ.