ಮಿಲ್ಲಿ ಬಾಬಿ ಬ್ರೌನ್‌ಗೆ ನನ್ನ ಅಂಕಪಟ್ಟಿ

ಚಿಕ್ಕಮ್ಮ, ಮಿಲ್ಲಿ ಬಾಬಿ ಬ್ರೌನ್ ನಟಿಸಿದ್ದರಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಎಂದು ಕೇಳಿದ್ದಿರಿ. ಅಣ್ಣನಂತೂ ಎಲ್ಲಕ್ಕೂ ಹತ್ತಕ್ಕೆ ಒಂಬತ್ತು ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದಾನೆ. ಅಂಕ ಹಂಚುವುದಕ್ಕೂ ಒಂದು ಲೆಕ್ಕ ಬೇಡವೇ? ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ.

‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಮೊದಲ ಸೀಸನ್‌ಗೆ ಒಂಬತ್ತೂವರೆ. ಅದು ಬಂದದ್ದು 2016ರಲ್ಲಿ, ಆಗ ಅವಳಿಗೆ ಹನ್ನೆರಡು ವರ್ಷ. ಪ್ರಯೋಗಾಲಯದಿಂದ ತಪ್ಪಿಸಿಕೊಂಡು ಬಂದ, ಮನಸ್ಸಿನ ಬಲದಿಂದಲೇ ವಸ್ತುಗಳನ್ನು ಆಡಿಸಬಲ್ಲ, ಬೋಳು ತಲೆಯ ಹುಡುಗಿಯ ಪಾತ್ರ. ಮೊದಲ ಕಂತಿನಲ್ಲೇ ಒಂದು ಹೋಟೆಲಿನಲ್ಲಿ ಕೂತು ಗಬಗಬನೆ ತಿನ್ನುತ್ತಿರುತ್ತಾಳೆ. ಒಂದು ಫ್ಯಾನು ಕಿರಗುಟ್ಟುತ್ತಿರುತ್ತದೆ. ಅದರತ್ತ ದಿಟ್ಟಿಸುತ್ತಾಳೆ, ಫ್ಯಾನು ನಿಂತುಹೋಗುತ್ತದೆ. ಮಾತಿಲ್ಲ, ಕಿರುಚಾಟವಿಲ್ಲ. ಈ ಹುಡುಗಿ ಹಸಿದಿದ್ದಾಳೆ, ಹೆದರಿದ್ದಾಳೆ, ಇವಳಿಗೆ ನಾವೂ ಹೆದರಬೇಕು ಎಂಬ ಮೂರೂ ಸಂಗತಿ ಆ ಕಣ್ಣುಗಳಲ್ಲೇ ತಿಳಿಯುತ್ತದೆ. ಈ ಪಾತ್ರಕ್ಕೆ 2017 ಮತ್ತು 2018ರಲ್ಲಿ ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ನಾಮನಿರ್ದೇಶನವೂ ಬಂತು. ಎರಡನೆಯ ಸೀಸನ್‌ನ ಏಳನೆಯ ಕಂತು ಅವಳನ್ನು ಗೆಳೆಯರಿಂದ ಬಿಡಿಸಿ ಶಿಕಾಗೋಗೆ ಕರೆದೊಯ್ಯುತ್ತದೆ. ಅದನ್ನು ಹಾರಿಸಿದರೂ ನಷ್ಟವಿಲ್ಲ. ಮುಂದಿನ ಸೀಸನ್‌ಗಳಲ್ಲಿ ಪಾತ್ರಗಳ ಜಾತ್ರೆಯೇ ಸೇರಿತು, ಅವಳ ಪಾಲಿಗೆ ಕೈ ಚಾಚಿ ಮೂಗಿನಲ್ಲಿ ರಕ್ತ ಸುರಿಸುವುದೇ ಹೆಚ್ಚಾಯಿತು. ಒಟ್ಟಾರೆ ಏಳು.

ನನ್ನ ದೂರು ಇದೇ. ನಿರ್ಮಾಪಕರು ಹಣ ಸುರಿದಷ್ಟೂ ಅವಳಿಗೆ ನಟಿಸುವ ಕೆಲಸ ಕಡಿಮೆಯಾಗುತ್ತದೆ. ದೈತ್ಯ ಪ್ರಾಣಿಗಳ ಕಾದಾಟದ 2019ರ ಗಾಡ್ಜಿಲ್ಲಾ ಚಿತ್ರದಲ್ಲಿ ಅವಳು ಮಾಡುವುದು ಮುಖ್ಯವಾಗಿ ತಲೆ ಎತ್ತಿ ಬೆರಗಿನಿಂದ ನೋಡುವುದು. ನಾಲ್ಕು. 2021ರ ಮುಂದಿನ ಚಿತ್ರದಲ್ಲಿ ದೈತ್ಯ ವಾನರ ಕಾಂಗ್ ಕೂಡ ಬಂದ ಮೇಲೆ ಅಷ್ಟಕ್ಕೂ ಜಾಗವಿಲ್ಲ. 2025ರ ‘ದಿ ಎಲೆಕ್ಟ್ರಿಕ್ ಸ್ಟೇಟ್’ಗೆ ಸುಮಾರು 32 ಕೋಟಿ ಡಾಲರ್ ಖರ್ಚಾಯಿತೆಂದು ವರದಿಯಾಗಿತ್ತು. ಅಷ್ಟು ಹಣದಲ್ಲಿ ರೋಬೋಟ್‌ಗಳಿಗೆ ಜೀವ ಬಂದಿದೆ, ಅಕ್ಕ ತಮ್ಮನ ಸಂಬಂಧಕ್ಕೆ ಬಂದಿಲ್ಲ. ಮೂರು, ಅದೂ ದಾಕ್ಷಿಣ್ಯಕ್ಕೆ. ಇದಕ್ಕೂ ಒಂಬತ್ತು ಕೊಟ್ಟ ಮಹಾನುಭಾವ ಕಾರಣ ಹೇಳಲಿ, ಕೇಳೋಣ.

‘ಎನೋಲಾ ಹೋಮ್ಸ್’ ಬೇರೆಯೇ ಮಾತು. ಪತ್ತೇದಾರ ಷರ್ಲಾಕ್ ಹೋಮ್ಸ್‌ನ ತಂಗಿಯಾಗಿ ಅವಳು ಕ್ಯಾಮೆರಾ ಕಡೆ ತಿರುಗಿ ನಮ್ಮೊಂದಿಗೇ ಹರಟುತ್ತಾಳೆ. ಈ ತಂತ್ರ ಸ್ವಲ್ಪ ಎಡವಿದರೂ ಅಧಿಕಪ್ರಸಂಗವಾಗಿಬಿಡುತ್ತದೆ. ಇವಳು ಹುಬ್ಬೇರಿಸಿ ಅರ್ಧ ಮಾತಿಗೇ ನಿಲ್ಲಿಸುವ ರೀತಿಯಿಂದ ಅದು ಸಲುಗೆಯಂತೆ ಕಾಣುತ್ತದೆ. 2020ರಲ್ಲಿ ಹದಿನಾರು ವರ್ಷಕ್ಕೇ ಈ ಚಿತ್ರದ ನಿರ್ಮಾಪಕರಲ್ಲಿ ಒಬ್ಬಳಾಗಿದ್ದಳು. ಮೊದಲನೆಯದಕ್ಕೆ ಎಂಟು, 2022ರ ಎರಡನೆಯದಕ್ಕೆ ಅರ್ಧ ಅಂಕ ಹೆಚ್ಚು. ಅದರ ಹಿಂದೆ ನಿಜವಾದ ಇತಿಹಾಸವಿದೆ: 1888ರಲ್ಲಿ ಲಂಡನ್‌ನ ಬ್ರಯಂಟ್ ಅಂಡ್ ಮೇ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳು ಮುಷ್ಕರ ಹೂಡಿದ್ದರು. ಬಿಳಿ ರಂಜಕದ ವಿಷದಿಂದ ಆ ಕೆಲಸದವರ ದವಡೆಯ ಮೂಳೆಯೇ ಕೊಳೆಯುತ್ತಿತ್ತು. ಪತ್ತೇದಾರಿ ಕತೆಯೊಳಗೆ ಇಂಥದ್ದನ್ನು ಹೊಂದಿಸುವುದು ಸುಲಭವಲ್ಲ.

‘ಡ್ಯಾಮ್ಸೆಲ್’ (2024) ನನ್ನ ಲೆಕ್ಕಾಚಾರಕ್ಕೆ ಪೂರ್ತಿ ಒಗ್ಗುವುದಿಲ್ಲ. ಡ್ರ್ಯಾಗನ್ ಇದೆ, ಗ್ರಾಫಿಕ್ಸ್ ಇದೆ, ಆದರೂ ಮದುವೆಯ ಉಡುಪಿನಲ್ಲೇ ಗುಹೆಗೆ ಬಿದ್ದವಳು ಒಬ್ಬಳೇ ತೆವಳಿ, ಹತ್ತಿ, ಸುಟ್ಟುಕೊಂಡು ಒದ್ದಾಡುವ ಭಾಗ ಬಿಗಿಯಾಗಿದೆ. ಕತೆ ಮಾತ್ರ ಮೊದಲೇ ಗೊತ್ತಾಗಿಬಿಡುತ್ತದೆ. ಆರೂವರೆ.

ಯಾರೂ ನೆನೆಯದ ಒಂದು ಸರಣಿ, 2014ರ ‘ಇಂಟ್ರೂಡರ್ಸ್’. ಒಂಬತ್ತು ವರ್ಷದ ಹುಡುಗಿಯ ಮೈಯೊಳಗೆ ಕೊಲೆಗಾರನೊಬ್ಬನ ಆತ್ಮ ಹೊಕ್ಕಿರುತ್ತದೆ. ಸರಣಿಗೆ ಐದು, ಅವಳಿಗೆ ಒಂಬತ್ತು.

ಮಗಳ ಜೊತೆ ನೋಡುವುದಾದರೆ ಎನೋಲಾದಿಂದ ಶುರು ಮಾಡಿ, ಚಿಕ್ಕಮ್ಮ. ‘ಸ್ಟ್ರೇಂಜರ್ ಥಿಂಗ್ಸ್’ ಅವಳಿಗೆ ಈಗಲೇ ಬೇಡ. ಆ ಹೋಟೆಲಿನ ಒಳ್ಳೆಯ ಮನುಷ್ಯನನ್ನು ಮೊದಲ ಕಂತಿನಲ್ಲೇ ಗುಂಡಿಟ್ಟು ಕೊಲ್ಲುತ್ತಾರೆ. ಅದನ್ನು ನೀವು ಮೊದಲು ನೋಡಿ ತೀರ್ಮಾನಿಸಿ.