ಇಂಗ್ಲಿಷ್ ಮಾತಿನ ‘ಗೊನ್ನಾ’, ‘ಗಾಟಾ’, ‘ಶುಡಾ’ ಕಿವಿಗೆ ಸಿಗೋದು ಹೇಗೆ?

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಓದೋದು ನನಗೆ ಕಷ್ಟವಲ್ಲ, ಪತ್ರಿಕೆ, ಕಾದಂಬರಿ ಎಲ್ಲ ಆರಾಮಾಗಿ ಓದುತ್ತೇನೆ. ಆದರೆ ಸಿನಿಮಾದಲ್ಲೋ ಸರಣಿಯಲ್ಲೋ ಇಬ್ಬರು ಮಾತಿಗೆ ನಿಂತರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಕೆಳಗೆ ಸಬ್‌ಟೈಟಲ್ ನೋಡಿದರೆ ಎಲ್ಲ ಗೊತ್ತಿರುವ ಪದಗಳೇ! ‘ಗೊನ್ನಾ’ (ಗೋಯಿಂಗ್ ಟು), ‘ವಾನ್ನಾ’ (ವಾಂಟ್ ಟು) ಗೊತ್ತು. ‘ಐಡಾ ಟೋಲ್ಡ್ ಯೂ’, ‘ವಾಚಾ ಡೂಯಿಂಗ್’, ‘ಟೆಲ್ಲಿಮ್’ ಅಂತೆಲ್ಲ ಬಂದಾಗ ತಲೆ ಓಡುವುದಿಲ್ಲ. ‘ಹೀ’ಡ್’ ಅಂದರೆ ‘ಹೀ ಹ್ಯಾಡ್’ ಅಂತಲೋ ‘ಹೀ ವುಡ್’ ಅಂತಲೋ, ಹೇಗೆ ತಿಳಿಯೋದು? ಇವುಗಳದ್ದೊಂದು ಪಟ್ಟಿ ಇದ್ದರೆ ಕೊಡಿ, ಬಾಯಿಪಾಠ ಮಾಡುತ್ತೇನೆ.

ಕಿವಿಗೊಟ್ಟವಳು:
ಪಟ್ಟಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪಟ್ಟಿ ಕಲಿತರೆ ಪಟ್ಟಿಯಲ್ಲಿ ಇರುವಷ್ಟೇ ಕೇಳಿಸುತ್ತದೆ. ಮಾತು ಹೇಗೆ ಸವೆಯುತ್ತದೆ ಅಂತ ಹಿಡಿದರೆ ಹೊಸದು ಬಂದರೂ ಬಿಡಿಸಿಕೊಳ್ಳಬಹುದು. ನಾವೂ ‘ಏನು ಮಾಡುತ್ತಿದ್ದೀಯ’ ಅಂತ ಬರೆದು ‘ಏನ್ಮಾಡ್ತಿದೀಯ’ ಅಂತ ಮಾತಾಡುವವರೇ ಅಲ್ವಾ?

ಇಂಗ್ಲಿಷ್‌ನಲ್ಲಿ ಎಲ್ಲ ಪದಕ್ಕೂ ಒಂದೇ ಒತ್ತು ಬೀಳುವುದಿಲ್ಲ. ವಿಷಯ ಹೇಳುವ ಪದ, ಅಂದರೆ ಮುಖ್ಯ ಕ್ರಿಯಾಪದ, ಹೆಸರು, ಗುಣ ಹೇಳುವ ಪದ, ಇವು ಗಟ್ಟಿಯಾಗಿ ಬರುತ್ತವೆ. ‘ಟು’, ‘ಆಫ್’, ‘ಹ್ಯಾವ್’, ‘ಹಿಮ್’, ‘ಡು ಯೂ’ ಇಂಥವು ಅವುಗಳ ನಡುವೆ ಒತ್ತಿಹೋಗಿ ಸವೆಯುತ್ತವೆ, ಎಷ್ಟೋ ಸಲ ಬರೀ ಒಂದು ‘ಅ’ ಉಳಿಯುತ್ತದೆ. ‘ಗಾಟ್ ಟು’ ಆಗೋದು ‘ಗಾಟಾ’, ‘ಶುಡ್ ಹ್ಯಾವ್’ ಆಗೋದು ‘ಶುಡಾ’, ‘ಕೈಂಡ್ ಆಫ್’ ಆಗೋದು ‘ಕೈಂಡಾ’, ‘ಔಟ್ ಆಫ್’ ಆಗೋದು ‘ಔಟಾ’. ನಿಮ್ಮ ‘ಐಡಾ ಟೋಲ್ಡ್ ಯೂ’ ಕೂಡ ಇದೇ. ‘ಐ ವುಡ್ ಹ್ಯಾವ್ ಟೋಲ್ಡ್ ಯೂ’, ಎರಡು ಸಹಾಯಕ ಪದಗಳೂ ಸೇರಿ ಒಂದು ‘ಡಾ’ ಆಗಿವೆ. ಹಾಗಾಗಿ ಎಲ್ಲ ಪದವೂ ಕೇಳಿಸಬೇಕು ಅಂತ ಕಾಯಬೇಡಿ, ಗಟ್ಟಿಯಾಗಿ ಬಂದ ಪದ ಹಿಡಿದುಕೊಂಡು ನಡುವೆ ಏನಿದ್ದಿರಬಹುದು ಅಂತ ತುಂಬಿಕೊಳ್ಳಿ. ಇದು ಊಹೆ ಅನ್ನಿಸಬಹುದು, ಆದರೆ ವ್ಯಾಕರಣ ಗೊತ್ತಿರುವವರಿಗೆ ಆ ಜಾಗದಲ್ಲಿ ಬರಬಹುದಾದ ಪದ ಒಂದೋ ಎರಡೋ ಅಷ್ಟೇ. ನಿಮಗಂತೂ ಓದಿ ಓದಿ ವ್ಯಾಕರಣ ಬಂದೇ ಇದೆ.

ಇನ್ನು ಅಕ್ಷರಗಳು ಡಿಕ್ಕಿ ಹೊಡೆಯುವ ಕಡೆ. ‘ಟ್’ ಆದ ಮೇಲೆ ‘ಯ್’ ಬಂದರೆ ‘ಚ್’, ‘ಡ್’ ಆದ ಮೇಲೆ ‘ಯ್’ ಬಂದರೆ ‘ಜ್’. ‘ಗಾಟ್ ಯೂ’ ‘ಗಾಚಾ’ ಆಗುತ್ತದೆ, ‘ಡಿಡ್ ಯೂ’ ‘ಡಿಜಾ’ ಆಗುತ್ತದೆ. ‘ವಾಟ್ ಆರ್ ಯೂ ಡೂಯಿಂಗ್’ನಲ್ಲಿ ‘ಆರ್’ ಬಿದ್ದುಹೋಗಿ ‘ವಾಚಾ’ ಉಳಿಯುತ್ತದೆ. ‘ಹಿಮ್’, ‘ಹರ್’, ‘ಹಿಸ್’ ಒತ್ತಿಲ್ಲದ ಕಡೆ ‘ಹ್’ ಕಳೆದುಕೊಂಡು ಹಿಂದಿನ ಪದಕ್ಕೆ ಅಂಟುತ್ತವೆ, ಅದೇ ನಿಮ್ಮ ‘ಟೆಲ್ಲಿಮ್’. ‘ಟೆಲ್ಲೆಮ್’ ಅಂತ ಕೇಳಿಸಿದರೆ ಅದು ‘ಟೆಲ್ ದೆಮ್’. ಆ ‘ಎಮ್’ ಮಾತ್ರ ‘ದೆಮ್’ ಸವೆದು ಆದದ್ದಲ್ಲ. ಹಿಂದೆ ಇಂಗ್ಲಿಷ್‌ನಲ್ಲಿ ‘ಹೆಮ್’ ಅಂತ ಬೇರೆ ಪದವೇ ಇತ್ತು, ‘ದೆಮ್’ ಆಮೇಲೆ ನಾರ್ಸ್ (ಸ್ಕ್ಯಾಂಡಿನೇವಿಯಾದ ಹಳೆಯ) ಭಾಷೆಯಿಂದ ಬಂತು. ಹಳೆಯದು ಮಾತಿನಲ್ಲಿ ಹಾಗೇ ಉಳಿದುಕೊಂಡಿದೆ, ನನಗೆ ತುಂಬಾ ಇಷ್ಟವಾದ ವಿಷಯ ಇದು.

ಬಾಲಂಗೋಚಿ:
‘ಡ್’ ಪ್ರಶ್ನೆಗೆ ನಾನು ಹೇಳುತ್ತೇನೆ. ಅದರ ಮುಂದೆ ಬರುವ ಕ್ರಿಯಾಪದ ನೋಡಿ, ಅದೇ ಹೇಳಿಬಿಡುತ್ತದೆ. ‘ಹೀ’ಡ್ ಗೋ’ ಅಂದರೆ ‘ವುಡ್’. ‘ಹೀ’ಡ್ ಗಾನ್’ ಅಂದರೆ ‘ಹ್ಯಾಡ್’. ಮೂಲ ರೂಪ ಬಂದರೆ ‘ವುಡ್’, ಮೂರನೇ ರೂಪ ಬಂದರೆ ‘ಹ್ಯಾಡ್’. ‘ಪುಟ್’, ‘ಕಟ್’, ‘ಕಮ್’ ಇಂಥ ಕಡೆ ಎರಡೂ ರೂಪ ಒಂದೇ, ಅಲ್ಲಿ ಸಂದರ್ಭವೇ ಗತಿ. ‘ಯೂ’ಡ್ ಬೆಟರ್ ಗೋ’ ಅನ್ನುವಲ್ಲಿ ಮಾತ್ರ ‘ಗೋ’ ಇದ್ದರೂ ಅದು ‘ಹ್ಯಾಡ್’, ಯಾಕೆಂದರೆ ಅಲ್ಲಿರೋದು ‘ಹ್ಯಾಡ್ ಬೆಟರ್’. ‘ಐ’ಡ್ ರಾದರ್’ ಅಂದಾಗ ‘ವುಡ್’. ಪ್ರಶ್ನೆ ಕೇಳುವ ಪದ ಆದ ಮೇಲೆ ಬಂದರೆ ಇನ್ನೊಂದು ಸಾಧ್ಯತೆಯೂ ಇದೆ: ‘ವೇರ್’ಡ್ ಹೀ ಗೋ?’ ಅಂದರೆ ‘ವೇರ್ ಡಿಡ್ ಹೀ ಗೋ’. ಈ ‘ಡಿಡ್’ ಬಗ್ಗೆ ಪಠ್ಯಪುಸ್ತಕಗಳು ಬಾಯಿ ಬಿಡುವುದೇ ಕಡಿಮೆ.

‘ಸ್’ ಕೂಡ ಹೀಗೇ. ‘ಹೀ’ಸ್ ಈಟಿಂಗ್’ನಲ್ಲಿ ‘ಈಸ್’, ‘ಹೀ’ಸ್ ಬೀನ್’ನಲ್ಲಿ ‘ಹ್ಯಾಸ್’, ‘ಲೆಟ್ಸ್ ಗೋ’ದಲ್ಲಿ ‘ಅಸ್’, ‘ವಾಟ್ಸ್ ಹೀ ವಾಂಟ್?’ನಲ್ಲಿ ‘ಡಸ್’. ಒಂದೇ ಸದ್ದು, ನಾಲ್ಕು ಕೆಲಸ.

‘ಗೊನ್ನಾ’ ಗೊತ್ತು ಅಂದಿರಿ, ಆದರೂ ಒಂದು ಮಾತು. ಮುಂದೆ ಕ್ರಿಯಾಪದ ಇದ್ದರೆ ಮಾತ್ರ ‘ಗೋಯಿಂಗ್ ಟು’ ‘ಗೊನ್ನಾ’ ಆಗುತ್ತದೆ. ‘ಐಮ್ ಗೊನ್ನಾ ಸ್ಲೀಪ್’ ಸರಿ. ‘ಐಮ್ ಗೊನ್ನಾ ದ ಸ್ಟೇಷನ್’ ಅಂತ ಯಾರೂ ಹೇಳುವುದಿಲ್ಲ, ಊರಿಗೋ ಜಾಗಕ್ಕೋ ಹೋಗುವಾಗ ‘ಗೋಯಿಂಗ್ ಟು’ ಇಡಿಯಾಗಿ ಉಳಿಯುತ್ತದೆ. ‘ವಾನ್ನಾ’ದ್ದು ಇನ್ನೂ ಚೆಂದ. ‘ಹೂ ಡು ಯೂ ವಾನ್ನಾ ಮೀಟ್’ ಅನ್ನುತ್ತಾರೆ. ಆದರೆ ಯಾರು ಗೆಲ್ಲಬೇಕು ಅಂತ ನಿನ್ನಾಸೆ ಅನ್ನೋಕೆ ಹೆಚ್ಚಿನವರು ‘ಹೂ ಡು ಯೂ ವಾಂಟ್ ಟು ವಿನ್’ ಅಂತ ಬಿಡಿಸಿಯೇ ಹೇಳುತ್ತಾರೆ. ಗೆಲ್ಲುವವನು ಬೇರೆಯವನು, ಅವನ ಜಾಗ ‘ವಾಂಟ್’ಗೂ ‘ಟು’ಗೂ ನಡುವೆ ಇದೆ, ಹಾಗಾಗಿ ಅವೆರಡೂ ಅಂಟಿಕೊಳ್ಳುವುದಿಲ್ಲ. ಯಾರೂ ಹೇಳಿಕೊಡದೆ ಆ ಭಾಷೆಯ ಮಕ್ಕಳು ಇದನ್ನು ಕಲಿತುಬಿಡುತ್ತಾರೆ.

ಶುದ್ಧಲಿಪಿ:
ಕ್ಷಮಿಸಿ, ಇದನ್ನೆಲ್ಲ ಕಲಿಯುವ ಅಗತ್ಯ ಏನಿದೆ ಅಂತ ನನಗೆ ಅರ್ಥವಾಗುತ್ತಿಲ್ಲ. ಇದು ಸೋಮಾರಿ ಇಂಗ್ಲಿಷ್. ಇತ್ತೀಚಿನ ಸಿನಿಮಾಗಳಿಂದ ಭಾಷೆ ಕೆಡುತ್ತಿದೆ. ಹೊಸದಾಗಿ ಕಲಿಯುವವರು ‘ಶುಡ್ ಆಫ್’ ಅಂತ ಬರೆಯುವುದಕ್ಕೂ ಇದೇ ಕಾರಣ.

ಕಿವಿಗೊಟ್ಟವಳು:
‘ಶುಡ್ ಆಫ್’ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ‘ಶುಡ್’ವ್’ ಕಿವಿಗೆ ‘ಶುಡ್ ಆಫ್’ ಥರ ಕೇಳಿಸುವುದರಿಂದ ಆ ತಪ್ಪು ಹುಟ್ಟುತ್ತದೆ, ಇಂಗ್ಲಿಷ್ ಮನೆಮಾತಾದವರೇ ಅದನ್ನು ಜಾಸ್ತಿ ಮಾಡುತ್ತಾರೆ. ಆದರೆ ಇತ್ತೀಚಿನದು ಅನ್ನುವುದು ಸರಿಯಲ್ಲ ಸರ್. 1710ರಲ್ಲೇ ಲೇಖಕ ಜೊನಾಥನ್ ಸ್ವಿಫ್ಟ್, ಜನ ಪದಗಳನ್ನು ಕತ್ತರಿಸಿ ಭಾಷೆ ಹಾಳುಮಾಡುತ್ತಿದ್ದಾರೆ ಅಂತ ಪತ್ರಿಕೆಯಲ್ಲಿ ಬರೆದಿದ್ದರು. ಅವರು ಆಗ ಬೈದ ಪದಗಳಲ್ಲಿ ‘ಮಾಬ್’ (ಜನರ ಗುಂಪು) ಕೂಡ ಒಂದು, ಇವತ್ತು ಅದು ಎಲ್ಲ ನಿಘಂಟಿನಲ್ಲೂ ಇದೆ. ‘ಏಂಟ್’ ಅನ್ನುವುದಕ್ಕೂ ಇನ್ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. ‘ಆಮ್ ನಾಟ್’, ‘ಈಸ್ ನಾಟ್’, ‘ಹ್ಯಾವ್ ನಾಟ್’ ಎಲ್ಲಕ್ಕೂ ಅದೊಂದೇ ಸಾಕಾಗುತ್ತದೆ.

ಹಾಗಂತ ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ‘ಗೊನ್ನಾ’ ಬರೆಯಿರಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಬರೆಯಬೇಡಿ. ‘ಡೋಂಟ್’, ‘ಐಮ್’ ಇಂಥವು ಸಾಧಾರಣ ಪತ್ರದಲ್ಲಿ ನಡೆಯುತ್ತವೆ, ‘ಗೊನ್ನಾ’, ‘ಲೆಮ್ಮಿ’ (ಲೆಟ್ ಮಿ) ಗೆಳೆಯರ ಸಂದೇಶದಲ್ಲಿ ಮಾತ್ರ. ಎದುರಿನವರು ಹೇಳಿದ್ದು ತಿಳಿಯೋದು ಬೇರೆ, ನಾವು ಬಳಸೋದು ಬೇರೆ. ಮೊದಲನೆಯದು ಎಲ್ಲರಿಗೂ ಬೇಕು.

ನೀಲಿಶಾಯಿ:
ಇಷ್ಟು ವಿವರವಾಗಿ ಹೇಳಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. ‘ಡ್’ ಮುಂದಿನ ಕ್ರಿಯಾಪದ ನೋಡೋದು ನಿಜವಾಗಿಯೂ ಕೆಲಸ ಮಾಡುತ್ತಿದೆ! ಇನ್ನೊಂದು ಕೇಳಲೇ? ಅಮೆರಿಕದವರು ‘ಕ್ಯಾನ್’ ಅಂದರೋ ‘ಕ್ಯಾಂಟ್’ ಅಂದರೋ ನನಗೆ ತಿಳಿಯುವುದೇ ಇಲ್ಲ. ಕೊನೆಯ ‘ಟ್’ ಕೇಳಿಸುವುದಿಲ್ಲ. ಅರ್ಥವೇ ಉಲ್ಟಾ ಆಗುತ್ತದಲ್ಲ!

ಬಾಲಂಗೋಚಿ:
‘ಟ್’ ಹುಡುಕಬೇಡಿ, ಅವರು ಅದನ್ನು ನುಂಗಿಬಿಡುತ್ತಾರೆ. ಸ್ವರ ಕೇಳಿ. ಆಗುತ್ತದೆ ಅನ್ನುವಾಗ ‘ಐ ಕ್‌ನ್ ಗೋ’, ‘ಕ್ಯಾ’ ಮಾಯವಾಗಿ ಒತ್ತು ‘ಗೋ’ ಮೇಲೆ ಬೀಳುತ್ತದೆ. ಆಗುವುದಿಲ್ಲ ಅನ್ನುವಾಗ ‘ಐ ಕ್ಯಾನ್‌’ ಅಂತ ‘ಕ್ಯಾ’ ತುಂಬಿಕೊಂಡು ಬರುತ್ತದೆ, ತುದಿಯಲ್ಲಿ ಸದ್ದು ಗಕ್ಕನೆ ನಿಲ್ಲುತ್ತದೆ. ಅಂದರೆ ವಾಕ್ಯದ ನಡುವೆ ‘ಕ್ಯಾನ್’ ಸ್ಪಷ್ಟವಾಗಿ ಕೇಳಿಸಿದರೆ ಹೆಚ್ಚಾಗಿ ಅದು ‘ಇಲ್ಲ’! ‘ಯೆಸ್, ಐ ಕ್ಯಾನ್’ ಅಂತ ಉತ್ತರದ ಕೊನೆಯಲ್ಲಿ ಬಂದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ವಾಕ್ಯದ ಕೊನೆಯಲ್ಲಿ ಅದು ಸವೆಯುವುದಿಲ್ಲ. ‘ಯೆಸ್, ಐಮ್’ ಅಂತ ಯಾರೂ ನಿಲ್ಲಿಸದೆ ‘ಯೆಸ್, ಐ ಆಮ್’ ಅನ್ನುವುದೂ ಇದಕ್ಕೇ.

ಅಭ್ಯಾಸಕ್ಕೆ ಒಂದು ದೃಶ್ಯ ತಗೊಳ್ಳಿ, ಒಂದೆರಡು ನಿಮಿಷದ್ದು ಸಾಕು. ಮೊದಲು ಸಬ್‌ಟೈಟಲ್ ಇಲ್ಲದೆ ಕೇಳಿ ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ, ಆಮೇಲೆ ಹೋಲಿಸಿ. ಸಬ್‌ಟೈಟಲ್‌ನಲ್ಲಿ ಎಷ್ಟೋ ಸಲ ‘ಗೊನ್ನಾ’ ಅಂದಿದ್ದನ್ನು ‘ಗೋಯಿಂಗ್ ಟು’ ಅಂತ ತಿದ್ದಿ ಹಾಕಿರುತ್ತಾರೆ, ಹಾಗಾಗಿ ನೀವು ಬರೆದದ್ದು ಬೇರೆ ಇದ್ದರೆ ತಕ್ಷಣ ಹೊಡೆದುಹಾಕಬೇಡಿ, ಇನ್ನೊಂದು ಸಲ ಕೇಳಿ. ಬಿಡಿಸೋಕಾಗದ ಸಾಲು ಸಿಕ್ಕರೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.